ಪಾಯಿಂಟ್ ಸೊನ್ನೆ ಎರಡು

ಕುಷ್ಟಗಿ ದಾಟಿ, ಹೆದ್ದಾರಿ ಅಂಚಿನ ಗುಂಡಿಯೊಳಗೆ
ಜೆಸಿಬಿ ಕಿತ್ತ ಇಪ್ಪತ್ನಾಲ್ಕು ಎಳೆ.
ಕೆಂಧೂಳು ಬೀಳದಂತೆ ಹಳೇ ಛತ್ರಿ ಹಿಡಿದಿದ್ದಾನೆ ಮೌಲಾಲಿ.
ನಾನು ಸ್ಪಿರಿಟಿನಲ್ಲಿ ಒಂದೊಂದನ್ನೇ ಒರೆಸುತ್ತೇನೆ,
ಕೂಸಿನ ಕಿವಿ ಒರೆಸಿದಂತೆ.

ದೋಟಿಹಾಳದ ಮಗ್ಗದಲ್ಲಿ ನಮ್ಮವ್ವ
ಒಡಲಿಗೆ ಸೆರಗು ಕೊಂಡಿ ಹಾಕುತ್ತಾ
ಕೂಡಿದ್ದು ಕಾಣಬೇಕು ಅನ್ನುತ್ತಿದ್ದಳು, ಅದೇ ಚಂದ.
ಇಲ್ಲಿ, ಕೂಡಿದ್ದು ಬೆಳಕಿಗೂ ಗೊತ್ತಾಗಬಾರದು.

ಕಿಡಿ.
ಪರದೆಯ ಮೇಲೆ ಪಾಯಿಂಟ್ ಸೊನ್ನೆ ಎರಡು.
ಇಷ್ಟೇ ನಷ್ಟ.
ಆದರೂ ಕೂಡುತ್ತಾ ಹೋಗುತ್ತದೆ ಗುಂಡಿಯಿಂದ ಗುಂಡಿಗೆ;
ಮುಂದೆ ರಾಯಚೂರಲ್ಲಿ ಬಲ ತುಂಬುವ ಪೆಟ್ಟಿಗೆ
ಮಾತನ್ನೂ ಗದ್ದಲವನ್ನೂ ಒಟ್ಟಿಗೇ ಎತ್ತುತ್ತದೆ,
ಯಾವುದು ಯಾವುದೆಂದು ಕೇಳದೆ.

ಹನ್ನೊಂದನೇ ಎಳೆ: ಪಾಯಿಂಟ್ ಒಂದು.
‘ಸಾಕು ಬಿಡ್ರಿ, ನಡೀತದ,’ ಅನ್ನುತ್ತಾನೆ ಮೌಲಾಲಿ.
ಕತ್ತರಿಸುತ್ತೇನೆ.
ಛತ್ರಿ ನೆಟ್ಟಗ ಹಿಡಿಯೋ.