ಎಡಚನ ಗಿಟಾರು

ಶಿವಾಜಿನಗರದ ಸಂದಿಯಲ್ಲಿ ಹಾರ್ಮೋನಿಯಂಗಳ
ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಚೌರಪ್ಪ
ಮೊಳೆಯಿಂದ ಇಳಿಸಿ ಕೊಟ್ಟ.
"ಎರಡೂವರೆ ಸಾವಿರ. ಚೀಲಕ್ಕೆ ಬೇರೆ."
ಕೊರಳು ಹಿಡಿದು ನೋಡಿದೆ, ಕೋಳಿ ಕೊಳ್ಳುವವಳ ಹಾಗೆ.
ಬೆನ್ನು ತಟ್ಟಿದೆ, ಹಲಸಿನ ಹಣ್ಣು ಕೊಳ್ಳುವವಳ ಹಾಗೆ.
ಒಳಗೇನೋ ಗಲಗಲ ಅಂತು.
"ಅದು ಬಿಟ್ಟಿ," ಅಂದ.

ಮನೆಗೆ ತಂದು ಬೋರಲು ಹಾಕಿ ಅಲ್ಲಾಡಿಸಿದೆ.
ಮೊದಲು ಧೂಳಿನ ಉಂಡೆ.
ಆಮೇಲೆ ಅಂಗಿಯ ಗುಂಡಿ, ನಾಲ್ಕು ಕಣ್ಣಿನದು.
ಕೊನೆಗೆ ಸುರುಳಿಯಾದ ಬಸ್ ಟಿಕೀಟು, ಮೂರು ರೂಪಾಯಿಯದು.
ಎಲ್ಲಿ ಹತ್ತಿದ್ದನೋ, ಎಲ್ಲಿ ಇಳಿದನೋ,
ಮಸಿ ಹಾರಿಹೋಗಿದೆ.

ಕಿಟಕಿಗೆ ಹಿಡಿದಾಗ ಕಂಡದ್ದು ಸವೆತ.
ತೂತಿನ ಕೆಳಗೆ ಇರಬೇಕಾದ ಗೀರುಗಳೆಲ್ಲ
ಇದರಲ್ಲಿ ಮೇಲಿವೆ.
ಮೆರುಗು ಹೋಗಿ, ಬಣ್ಣ ಹೋಗಿ,
ಹೊಸಿಲಿನ ನಡುವಿನಷ್ಟು ನುಣ್ಣಗೆ ಬರೀ ಮರ.

"ಎಡಚ ಕಣಮ್ಮ," ಫೋನಿನಲ್ಲಿ ಚೌರಪ್ಪ,
"ರಾಯಪ್ಪ ಅಂತ, ಮದುವೆ ಬ್ಯಾಂಡಿನವನು.
ತಂತಿ ಎಲ್ಲಾ ತಿರುವುಮುರುವು ಹಾಕಿದ್ದ, ನಾನೇ ಸರಿ ಮಾಡಿದೆ."
ಯಾಕೆ ಮಾರಿದ, ಕೇಳಿದೆ.
ಅಂಗಡಿಯಲ್ಲಿ ಯಾರೋ ಆಣಿ ಹೊಡೆಯುತ್ತಿದ್ದರು.

ದಪ್ಪ ತಂತಿಗೆಂದು ಕೊರೆದ ಕಚ್ಚಿನಲ್ಲಿ ಈಗ ತೆಳು ತಂತಿ,
ಅಪ್ಪನ ಚಪ್ಪಲಿಯಲ್ಲಿ ಮಗುವಿನ ಕಾಲು, ಲಟಪಟ.
ದಪ್ಪನೆಯದು ಮಾತ್ರ
ಫುಟ್‌ಬೋರ್ಡಿನಲ್ಲಿ ನಿಂತವನ ಹಾಗೆ ಅರ್ಧ ಹೊರಗೆ.
ಮೀಟಿದರೆ ಜುಂಯ್ ಅಂತ ಜೀರುಂಡೆ.
"ಹೊಸ ಮೂಳೆ ಕೂರಿಸಿಕೊಡ್ತೀನಿ, ನಾನೂರು."
ಬೇಡ ಅಂದೆ.
ಟಿಕೀಟನ್ನು ನಾಲ್ಕು ಮಡಿಕೆ ಮಡಿಸಿ
ತೆಳು ತಂತಿಯ ಅಡಿಗೆ ತುರುಕಿದೆ.
ಜೀರುಂಡೆ ಹೋಯಿತು.

ಆಮೇಲೆ ಕೇಳಿದ್ದು ಬೇರೆ.
ಅಣ್ಣನ ಮಗನ ಹೊಸ ಗಿಟಾರು ಸ್ಟೀಲು ಲೋಟ ಬಿದ್ದಂತೆ ನುಡಿಯುತ್ತದೆ.
ಇದು ಮೊದಲು ಮರ, ಆಮೇಲೆ ಸ್ವರ,
ನೀರು ತುಂಬಿದ ಬಿಂದಿಗೆಗೆ ಬೆರಳು ತಾಗಿದ ಹಾಗೆ.
ಅವುಚಿಕೊಂಡರೆ ಕಿವಿಗಿಂತ ಮೊದಲು
ಪಕ್ಕೆಲುಬಿಗೆ ಕೇಳುತ್ತದೆ.

ಬೌರಿಂಗ್ ಆಸ್ಪತ್ರೆ ಎದುರಿನ ಲ್ಯಾಬಿನಲ್ಲಿ
ದಿನಕ್ಕೆ ಅರವತ್ತು ಬೆರಳು ಚುಚ್ಚುವವಳು ನಾನು.
ಆರು ತಿಂಗಳಾಯಿತು, ಎಡಗೈ ತುದಿಗಳು ಗಡುಸಾಗಿವೆ.
ಮೊನ್ನೆ ನನ್ನದೇ ಸಕ್ಕರೆ ನೋಡಿಕೊಳ್ಳೋಣವೆಂದರೆ
ಸೂಜಿಗೆ ರಕ್ತ ಬರಲಿಲ್ಲ,
ಬಲಗೈ ಕೊಟ್ಟೆ.
ರಾಯಪ್ಪನಿಗೆ ಬಲಗೈಯೇ ಗಡುಸಿದ್ದಿರಬೇಕು.
ಕೈ ಕುಲುಕಿದವರಿಗೆಲ್ಲ
ಗೊತ್ತಾಗಿರುತ್ತದೆ.

ನನ್ನ ಗೀರುಗಳು ಕೆಳಗೆ ಈಗಷ್ಟೇ ಶುರುವಾಗಿವೆ,
ಸೊಳ್ಳೆ ಕಾಲಿನಷ್ಟು.
ಅವನದು ಆ ದಡ, ನನ್ನದು ಈ ದಡ,
ನಡುವೆ ಕಪ್ಪು ತೂತು.

ರಾತ್ರಿ ಹಲಸೂರಿನ ಕೊನೆಯ ಮೆಟ್ರೋ
ನಮ್ಮ ಮೂರನೇ ಮಹಡಿಗೆ ಮೈ ಉಜ್ಜಿಕೊಂಡೇ ಹೋಗುವಾಗ
ಮೂಲೆಯಲ್ಲಿ ಒರಗಿದ್ದು ತಾನಾಗಿ
ಮ್ ಅನ್ನುತ್ತದೆ, ಒಂದೇ ತಂತಿ.
ಎದ್ದು ಹೋಗಿ ಅಂಗೈ ಇಡುತ್ತೇನೆ.
ಸ್ವಲ್ಪ ಹೊತ್ತು ಅಂಗೈಯೊಳಗೆ ಅಂದು ಸುಮ್ಮನಾಗುತ್ತದೆ.
ಮಲಗಬೇಕು.
ಖಾಲಿ ಹೊಟ್ಟೆಯವರು
ಆರಕ್ಕೇ ಬಂದು ಕೂತಿರುತ್ತಾರೆ.