ಹದಿನೇಳನೆಯ ಹಲಗೆ

ಆ ದೋಣಿಯಲ್ಲಿ ಒಂದು ಹಲಗೆ ನನ್ನದು.
ಲುದೊವಿನಾಗೆ ಗೊತ್ತು,
ಈಗ ನಿಮಗೂ.

ಮತೊಝಿನ್ಯುಶ್ ಬಂದರಿನ ಬೆನ್ನಿಗೆ ನಮ್ಮ ಕಾರ್ಖಾನೆ.
ಬೂತಾಯಿಯ ತಲೆ ತರಿದು, ಬಾಲ ತರಿದು
ತಗಡಿನ ಡಬ್ಬಿಯಲ್ಲಿ ಮಗ್ಗುಲಾಗಿ ಮಲಗಿಸುವ ಕೆಲಸ.
ಹತ್ತೂಕಾಲಿಗೆ ಗಂಟೆ.
ಕೈಗವಸು ಕಳಚಿದ್ದೇ ಹಿಂಬಾಗಿಲಿಗೆ ಓಡುವಳು ಲುದೊವಿನಾ.
ಮೂವತ್ತೊಂದು ವರ್ಷ ಓಡಿದಳು.
ಎಣ್ಣೆ ಜಾರುವ ಬೆರಳಿಗೆ ಕಡ್ಡಿ ಗೀರಲು ಬರದು;
ನಾನೇ ಗೀರಿ ಹಿಡಿಯುತ್ತಿದ್ದೆ
ಸಮುದ್ರದ ಗಾಳಿಗೆ ಬೆನ್ನು ಕೊಟ್ಟು.
ಒಂದು ದಿನವೂ ಸೇದಿದವಳಲ್ಲ ನಾನು,
ಹೊಗೆಯಲ್ಲಿ ಮಾತ್ರ ಅರ್ಧ ಪಾಲು.

ಹೋದ ಚಳಿಗಾಲ ಆರೋಗ್ಯ ಕೇಂದ್ರದ ತೆಲ್ಮು
(ಒಂದು ಕಿವಿಗೆ ಓಲೆ, ಅವಳ ಕಿರಿಮಗನ ವಯಸ್ಸು)
ಗುಳಿಗೆ ಕೊಡಲಿಲ್ಲ,
ಕಪ್ಪಿಟ್ಟ ಶ್ವಾಸಕೋಶದ ಚಿತ್ರ ತೋರಿಸಲಿಲ್ಲ.
ಬಿಳಿ ಕೊಳವೆಯೊಂದನ್ನು ಕೊಟ್ಟು
ಫೋನಿಗೆ ಆಟ ಹಾಕಿಕೊಟ್ಟ.
ದಿನಕ್ಕೊಮ್ಮೆ ಊದಿ, ದೋನಾ ಲುದೊವಿನಾ.
ಅಂಕಿ ಆರರೊಳಗಿದ್ದರೆ ನಿಮಗೊಂದು ಹಲಗೆ,
ನಲವತ್ತು ಹಲಗೆಗೆ ದೋಣಿ,
ಆಮೇಲೆ ಹಾಯಿ.
"ನಮ್ಮದು ಎರಡು ಕೋಣೆಯ ಮನೆ,
ಅಷ್ಟು ಹಲಗೆ ತಂದು ಎಲ್ಲಿಡಲಿ?" ಎಂದಳಂತೆ ಇವಳು.

ನಕ್ಕೆವು.
ಐವತ್ತೆಂಟರ ಹೆಂಗಸು ಕನ್ನಡಕ ಹಣೆಗೇರಿಸಿಕೊಂಡು
ಇಲ್ಲದ ಕಡಲಿಗೆ ಇಲ್ಲದ ದೋಣಿ ಕಟ್ಟುವುದೆಂದರೆ!
ಮೂರನೆಯ ಹಲಗೆಗೆ ನಗು ನಿಂತಿತು.
ಹತ್ತೂಕಾಲಿಗೆ ಐದು ಜನ ತಲೆಗೆ ತಲೆ ತಾಗಿಸಿ
ಅವಳ ಅಂಗೈಯಗಲದ ನೀರಿಗೆ ಬಗ್ಗುತ್ತಿದ್ದೆವು.
ಹಸಿರು ಬಳಿ, ಎನ್ನುವಳು ಎರ್ಮೆಲಿಂಡಾ.
ಹಸಿರು ಬೇಡ, ಎನ್ನುವಳು ಕ್ಲೋತಿಲ್ಡ್,
ನಮ್ಮಪ್ಪನದು ಹಸಿರಿತ್ತು.
ಆಗ ಯಾರೂ ಮಾತಾಡುತ್ತಿರಲಿಲ್ಲ.

ಹದಿನಾರು ಹಲಗೆ.
ಆಮೇಲೆ ಆ ಮಂಗಳವಾರ.
ಹಿಂದಿನ ದಿನ ತಮ್ಮನನ್ನು ಮಣ್ಣು ಮಾಡಿ ಬಂದಿದ್ದಳು.
ಎಷ್ಟು ಸೇದಿದೆ ಎಂದು ನಾನು ಕೇಳಲಿಲ್ಲ,
ಅವಳ ಕೂದಲೇ ಹೇಳುತ್ತಿತ್ತು.
ಕಕ್ಕಸಿನ ಬಾಗಿಲಿಗೆ ಚಿಲಕ ಹಾಕಿ
ಕೊಳವೆಯನ್ನು ನನ್ನ ತುಟಿಗೆ ಹಿಡಿದಳು:
"ನೀನು ಊದು.
ಯಾರ ಹತ್ತಿರವೂ ಉಸಿರೆತ್ತಬೇಡ."

ಊದಿದೆ.
ಅಂಕಿ ಒಂದು.
ಫೋನು ಗಂಟೆ ಬಾರಿಸಿ, ಚಿಕ್ಕೆ ಎರಚಿ ಕುಣಿಯಿತು.
ಅಬ್ಬಾ, ಎಂಥ ಚೊಕ್ಕ ಉಸಿರು ನನ್ನದು!
ಐವತ್ತು ವರ್ಷ ಬಿಟ್ಟೆ, ಎಳೆದುಕೊಂಡೆ,
ಒಬ್ಬರೂ ಅದಕ್ಕೊಂದು ಮೊಳೆ ಕೊಟ್ಟಿರಲಿಲ್ಲ.
ನಾಚಿಕೆಯಾಗಬೇಕಿತ್ತು.
ಹೆಮ್ಮೆಯಾಯಿತು.

ಸಂಜೆ ಬಸ್ಸಿನಲ್ಲಿ ಅವಳು ಹುಡುಕುತ್ತಲೇ ಇದ್ದಳು.
ಆ ಆಟದಲ್ಲಿ ಲಂಗರು ಉಂಟು, ಹುಟ್ಟು ಉಂಟು,
ಕೂಗಿದರೆ ಬರುವ ಕಡಲಹಕ್ಕಿ ಉಂಟು.
ಸಿಕ್ಕಿದ್ದನ್ನು ಹಿಂದಿರುಗಿಸಲು ಗುಂಡಿ ಇಲ್ಲ.
"ಹದಿನೇಳನೆಯದರ ಬಣ್ಣವೇ ಬೇರೆ, ನೋಡು."
ನೋಡಿದೆ.
ಎಲ್ಲವೂ ಒಂದೇ ಕಂದು.
"ಹೌದು," ಎಂದೆ.

ಮರುದಿನ ಎಲ್ಲರೆದುರು ತಾನೇ ಊದಿದಳು.
ಹನ್ನೊಂದು.
ಬೈಗುಳವಿಲ್ಲ, ಬುದ್ಧಿಮಾತಿಲ್ಲ,
ಬರಿಯ ಅಲೆ ತೋರಿಸಿತು ಆಟ.
ಎರ್ಮೆಲಿಂಡಾ ತನ್ನ ಕಾಫಿಯನ್ನು ಅವಳಿಗೆ ಕೊಟ್ಟಳು.
ಆಚೆ ದಿನ ಒಂಬತ್ತು. ಮತ್ತೂ ಒಂಬತ್ತು.
ಶನಿವಾರ, ಒಂದೇ ಉಸಿರಿಗೆ, ಕಣ್ಣು ಮುಚ್ಚಿ:
ಐದು.
ಹದಿನೆಂಟನೆಯದನ್ನು ನನ್ನದರ ಪಕ್ಕಕ್ಕೇ ಜೋಡಿಸಿದಳು,
ತುಸು ಒತ್ತಿ.

ಹಾಯಿ ಇನ್ನೂ ಬಂದಿಲ್ಲ.
ನಡುವೆ ಜೂನಿನ ಹಬ್ಬದ ರಾತ್ರಿ ಬಂದು ಹೋಯಿತು,
ಆ ರಾತ್ರಿಯ ಲೆಕ್ಕ ಅವಳೇ ತೆಲ್ಮುಗೆ ಒಪ್ಪಿಸಿದಳು.
ನನ್ನ ಊದನ್ನು ಒಪ್ಪಿಸಿದಳೋ ಇಲ್ಲವೋ, ಕೇಳಿಲ್ಲ.

ಹತ್ತೂಕಾಲಿಗೆ ಈಗಲೂ ಹಿಂಬಾಗಿಲಿಗೆ ಹೋಗುತ್ತೇವೆ.
ಅವಳು ಫೋನು ತೆಗೆಯುತ್ತಾಳೆ.
ನಾನು ಗಾಳಿಗೆ ಅಡ್ಡ ನಿಲ್ಲುತ್ತೇನೆ.
ಅಭ್ಯಾಸ ನೋಡಿ,
ಆರಿಹೋಗುವಂಥದ್ದೇನೂ ಅವಳ ಕೈಯಲ್ಲಿಲ್ಲ.