ಜರಿಕೋಟಿನ ಒಳಪಟ್ಟಿ

ಸೊಂಟ ಇಪ್ಪತ್ತೆಂಟು. ಐವತ್ತೇಳರ ಅಳತೆಪುಸ್ತಕದಲ್ಲಿ
ನನ್ನದೇ ಪೆನ್ಸಿಲ್ ಅಕ್ಷರ, ಇನ್ನೂ ಮಾಸಿಲ್ಲ.
ಹೆಸರಿದ್ದಲ್ಲಿ ಮಾತ್ರ ವಿಲ್ಫ್ರೆಡ್ ಮಡ್ ಎಂಬುದನ್ನು ಹೊಡೆದುಹಾಕಿ
ಮ್ಯಾನೇಜರ್ ಶಾಯಿಯಲ್ಲಿ ಬರೆದ: ರೆಕ್ಸ್ ಗ್ಯಾಲಂಟ್.
'ಕೆಸರು ಅಂತ ಹೆಸರಿಟ್ಟುಕೊಂಡರೆ ಯಾರಮ್ಮ ಟಿಕೆಟ್ಟು ಕೊಳ್ಳುತ್ತಾರೆ?'
ಸಿಗಾರಿನ ಬೂದಿ ನನ್ನ ಜರಿಬಟ್ಟೆಯ ಮೇಲೆ.
ಅಂದಿನಿಂದ ಲೆಕ್ಕ ಸರಿಹೋಯಿತು:
ಕೈ ಕೆಸರು ಇವನದು, ಬಾಯಿ ಮೊಸರು ಅವನದು.

ಗ್ರಿಮ್ಸ್‌ಬಿಯ ಹುಡುಗ. ಮೀನುಧಕ್ಕೆಯ ವಾಸನೆ
ಎಷ್ಟು ಸೋಪಿಗೂ ಪೂರ್ತಿ ಬಿಟ್ಟಿರಲಿಲ್ಲ.
ಅವನವ್ವ ಊರ ಬಟ್ಟೆ ತಿಕ್ಕುತ್ತಿದ್ದ ತಗಡುಹಲಗೆಯನ್ನು
ಕದ್ದು, ಬೆರಳಿಗೆ ಅಂಗುಸ್ತಾನ ಸಿಕ್ಕಿಸಿ ಗೀರಿದ;
ಚಹಾಪೆಟ್ಟಿಗೆಗೆ ಪೊರಕೆಕೋಲು ನೆಟ್ಟು ಹುರಿ ಬಿಗಿದ ಗೆಳೆಯ;
ನೋಡದ ಅಮೆರಿಕವನ್ನು ಇವರು ಹಾಗೆ
ಮನೆಸಾಮಾನಿನಲ್ಲೇ ಮಾಡಿಕೊಂಡರು.
ಸೋಮವಾರ ಒಗೆಯಲು ಹಲಗೆ ಸಿಗದೆ
ತಾಯಿ ಬೈದದ್ದೇ ಮೊದಲ ವಿಮರ್ಶೆ.

ನಾನು ಕಂಡಾಗ ಸೋಹೋದ ನೆಲಮಾಳಿಗೆಯಲ್ಲಿ
ಬುಸುಗುಡುವ ಕಾಫಿಯಂತ್ರದೊಡನೆ ಪಂದ್ಯಕ್ಕೆ ಬಿದ್ದವನಂತೆ ಕಿರುಚುತ್ತಿದ್ದ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಾತ್ರ
ಡಬ್ಬಿಗಟ್ಟಲೆ ಜಿಡ್ಡು.
ಗಿಟಾರಿನಲ್ಲಿ ಗೊತ್ತಿದ್ದದ್ದು ಮೂರೇ ಮೂರು ಸ್ವರಮೇಳ;
ನಾಲ್ಕನೆಯದು ಬೇಕಾದಾಗ ಮೊಣಕಾಲ ಮೇಲೆ ಜಾರುತ್ತಿದ್ದ.

ಆಮೇಲೆ ಹದಿನಾಲ್ಕು ತಿಂಗಳು.
ಇಷ್ಟೇ ಹೇಳಬಲ್ಲೆ: ದಿನಕ್ಕೊಂದು ಊರು, ಊರಿಗೊಂದು ತೋಳು.
ಹೌದು, ಕೋಟಿನ ತೋಳು. ಮ್ಯಾನೇಜರನ ಅಪ್ಪಣೆ:
ಎಡಗಡೆಗೆ ಬರೀ ಕಚ್ಚಾ ಹೊಲಿಗೆ ಹಾಕು,
ಹುಡುಗಿಯರು ಎಳೆದರೆ ಕಿತ್ತು ಬರಬೇಕು, ಪತ್ರಿಕೆಯವರೆದುರು.
ಹರಿಯಲೆಂದೇ ಹೊಲಿದೆ ನಾನು,
ವುಲ್ವರ್‌ಹ್ಯಾಂಪ್ಟನ್, ಡಾರ್ಲಿಂಗ್‌ಟನ್, ಸ್ವಾನ್‌ಸೀ,
ರಾತ್ರಿ ಬಸ್ಸಿನ ಮಂಕುದೀಪದಲ್ಲಿ ಇನ್ನೊಂದು ತೋಳು.

ಸೇನೆಯ ಕರೆ ಬಂತು. ಜುಟ್ಟು ಸರ್ಕಾರದ ಕೈಗೆ.
ಕತ್ತರಿಸಿದ ಕೂದಲನ್ನು ಮ್ಯಾನೇಜರ್
ಅರ್ಧ ಕ್ರೌನಿಗೊಂದು ಕುಚ್ಚಿನಂತೆ ಮಾರಿದ;
ಅವನ ತಲೆಯಲ್ಲಿ ಅಷ್ಟಿರಲಿಲ್ಲ,
ಹಾಲಿನ ಗಾಡಿಯ ಕುದುರೆಯ ಬಾಲ ಆ ವಾರ ಯಾಕೋ ಮೊಟಕಾಗಿತ್ತು.
ಎರಡು ವರ್ಷ ಆಲೂಗಡ್ಡೆ ಸುಲಿದು ಬಂದರೆ
ಹಣೆಗೆ ಕೂದಲು ಇಳಿಬಿಟ್ಟ ಹುಡುಗರ ಕಾಲ.
ಮ್ಯಾನೇಜರನ ಫೋನು ಯಾವಾಗಲೂ ಎಂಗೇಜು.

ಅಳಲಿಲ್ಲ. ಟ್ಯಾಪ್ ಕುಣಿತ ಕಲಿತ, ಮೊಟ್ಟೆ ಚಿಮ್ಮಿಸಿ ಹಿಡಿಯುವುದು ಕಲಿತ.
ಕ್ರಿಸ್‌ಮಸ್ ನಾಟಕದಲ್ಲಿ ಒಂದು ವರ್ಷ ಹಸುವಿನ ಹಿಂಗಾಲು,
ಮರುವರ್ಷ ಮುಂಗಾಲು. 'ಬಡ್ತಿ ಕಣೇ, ಎನಿಡ್!'
ಬೇಸಿಗೆ ಶಿಬಿರಗಳಲ್ಲಿ ಅಜ್ಜಂದಿರ ಗಂಟುಮೊಣಕಾಲಿನ ಸ್ಪರ್ಧೆಗೆ ತೀರ್ಪುಗಾರ.
ಕೊನೆಯ ಹತ್ತು ನಿಮಿಷ ಮಾತ್ರ ಜರಿಕೋಟು, ಆ ಒಂದೇ ಹಾಡು.
ಸೊಂಟ ಮೂವತ್ತೆರಡು. ಮೂವತ್ತಾರು.
ಒಳಪಟ್ಟಿ ಬಿಚ್ಚಿದಾಗಲೆಲ್ಲ ಒಂದು ಗೆರೆ ಹೊರಬರುತ್ತಿತ್ತು,
ದೀಪ ಕಾಣದ್ದು, ಬೆವರು ಕಾಣದ್ದು, ಐವತ್ತೇಳರ ಬಂಗಾರ;
ಪಕ್ಕದ ಬಟ್ಟೆ ಅಷ್ಟರಲ್ಲಿ ಹಳೇ ಸಾಸಿವೆ.

ಕ್ಲೀಥಾರ್ಪ್ಸ್, ಕಡಲಕಟ್ಟೆಯ ಥಿಯೇಟರು, ಎಂಬತ್ತಾರರ ನವೆಂಬರ್.
ಹದಿನೇಳು ಜನ, ಒಂದು ನಾಯಿ. ಹಲಗೆಯ ಸಂದಿಯಲ್ಲಿ ಸಮುದ್ರ.
ಆಟ ಮುಗಿದ ಮೇಲೆ ಒಳಗೆ ಬಂದಳು ಒಬ್ಬಾಕೆ, ತಲೆಗೆ ಪ್ಲಾಸ್ಟಿಕ್ ಮಳೆಟೋಪಿ.
ಬ್ಯಾಗಿನಿಂದ ತೆಳುಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು:
ಒಂದು ತೋಳು.
'ಡಾರ್ಲಿಂಗ್‌ಟನ್. ಹದಿನಾರು ನನಗೆ. ಎಲ್ಲಿಂದ ಬಂತೋ ಆ ಶಕ್ತಿ!'
ಅಂಚಿನಲ್ಲಿ ನನ್ನ ಕಚ್ಚಾ ದಾರ ಇನ್ನೂ ನೇತಾಡುತ್ತಿತ್ತು, ಬಿಳಿ.
ವಿಲ್ಫ್ ನನ್ನ ಕಡೆ ನೋಡಲಿಲ್ಲ.
ಎಡಭುಜ ಹಿಡಿದು ಮುಖ ಕಿವುಚಿದ:
'ಓ, ನೀವೇನಾ? ಚಳಿಗೆ ಇವತ್ತಿಗೂ ನೋಯುತ್ತದೆ ಇದು.'
ತೋಳು ಮಡಿಸಿ ಅವಳಿಗೇ ಕೊಟ್ಟ,
ಗೆದ್ದವರ ಸ್ವತ್ತು ಗೆದ್ದವರಿಗೆ ಎಂಬಂತೆ.

ನಾನೇನೂ ಅನ್ನಲಿಲ್ಲ. ಆದರೆ ಆ ವಾರ ಸೊಂಟ ನಲವತ್ತು,
ಬಿಚ್ಚಲು ಒಳಗೆ ಪಟ್ಟಿ ಉಳಿದಿರಲಿಲ್ಲ,
ಆ ತೋಳಿನಲ್ಲೋ, ಕಂಡೊಡನೆ ಕಣ್ಣಳತೆಗೆ ಸಿಕ್ಕಿತು,
ಎರಡೂ ಪಕ್ಕಕ್ಕೆ ಸಾಕಾಗಿ
ಒಂದು ಗೇಣು ಮಿಗುವಷ್ಟು ಬಟ್ಟೆಯಿತ್ತು.